ಅಲುಗಾಡಬೇಡಿ

ಬೆಳಗ್ಗೆ ಎಂಟರಿಂದ ನಾಲ್ಕರವರೆಗೆ
ನನ್ನ ಬಾಯಲ್ಲಿ ಎರಡೇ ಮಾತು:
ಉಸಿರು ಬಿಗಿ ಹಿಡೀರಿ. ಅಲುಗಾಡಬೇಡಿ.
ಕೊಂಕಣಿಯಲ್ಲಿ, ಹಿಂದಿಯಲ್ಲಿ,
ನಮ್ಮ ಕಡೆಯವರು ಬಂದರೆ ‘ಸ್ವಲ್ಪ ದಮ್ಮ ಹಿಡೀ ಯಪ್ಪಾ’ ಅಂತ.
ಸೀಸದ ಏಪ್ರನ್ನು, ಸೀಸದ ಬಾಗಿಲು,
ಟಕ್ ಎನ್ನುವ ಒಂದು ಗುಂಡಿ.
ಪಕ್ಕೆಲುಬು ಹನ್ನೆರಡು ಜೊತೆ ಬಂದರೆ ಸರಿ,
ಬಾರದಿದ್ದರೆ ಇನ್ನೊಂದು ಸಲ.

ನಾಲ್ಕೂವರೆಗೆ ಮಂಗೋರ್ ಹಿಲ್ ಇಳಿಯುವಾಗ
ಕೊರಳಲ್ಲಿ ಕ್ಯಾಮೆರಾ.
ಮಡಗಾಂವಿನ ಮದುವೆ ಸ್ಟುಡಿಯೋ ಮುಚ್ಚಿದಾಗ ಕೊಂಡದ್ದು.
ಲೆನ್ಸಿನೊಳಗೆ ಬೂಷ್ಟು, ಜೇಡನ ಕಾಲಿನಷ್ಟು ಸಣ್ಣ.
ಮಾರಿದವನು ಮುಚ್ಚಿಡಲಿಲ್ಲ,
ಅದಕ್ಕೇ ಮುನ್ನೂರು ಬಿಟ್ಟ.
ಆ ಬೂಷ್ಟಿನ ದಯದಿಂದ ಸಂಜೆ
ಬಂದರಿನ ಕ್ರೇನು ದೀಪಗಳಿಗೆಲ್ಲ ಒಂದೊಂದು ಪ್ರಭಾವಳಿ.

ದಿನಕ್ಕೊಂದು ಹೊಸದು, ಹರಕೆ ಹೊತ್ತ ಹಾಗೆ.

ಪಾವ್ ಮಾರುವ ಮಿಂಗೆಲನ ಸೈಕಲ್ಲಿನ ಜೊತೆಜೊತೆಗೇ
ಕ್ಯಾಮೆರಾ ತಿರುಗಿಸಿದೆ.
ಆರು ದಿನ ಬರೀ ಗೀಚು. ಏಳನೆಯ ದಿನ ಅವನೇ,
‘ಬಾಯ್, ನಾನೇ ನಿಧಾನ ಹೋಗಲಾ?’
ಅವನ ಮುಖ ನಿಂತಿತು, ಹಾರ್ನಿನ ರಬ್ಬರುಂಡೆ ನಿಂತಿತು,
ವಾಸ್ಕೋ ಊರಿಗೆ ಊರೇ ಓಡಿಹೋಯಿತು.

ಹಳೆಯ ಕನ್ನಡಕಕ್ಕೆ ವ್ಯಾಸಲೀನ್ ಸವರಿ ಅಡ್ಡ ಹಿಡಿದು
ಖಾರೆವಾಡೊದ ದೋಣಿಗಳನ್ನು ತೆಗೆದೆ:
ನೆಗಡಿಯಾದ ದೋಣಿಗಳು. ಅಳಿಸಿದೆ.
ಲೆನ್ಸು ಬಿಚ್ಚಿ ಅರ್ಧ ಇಂಚು ಓರೆ ಹಿಡಿದೆ.
ಸಂದಿಯಿಂದ ಬೆಳಕು ನುಗ್ಗಿತು, ಹಾಲಿಗೆ ಬಂದ ಬೆಕ್ಕು.
ಮರಳೂ ನುಗ್ಗಿತು.

ಬೈನಾದಲ್ಲಿ ಬಳೆ ಮಾರುವ ಫಕೀರವ್ವನ ಮೇಲೆ
ಅದೇ ಚೌಕಟ್ಟಿನಲ್ಲಿ ಎರಡನೆಯ ಸಲ ಒತ್ತಿ
ಅದಿರಿನ ಬಾರ್ಜೊಂದನ್ನು ಕೂರಿಸಿದೆ.
ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.
‘ಯವ್ವಾ, ನನ್ನ ಎದೀ ಮ್ಯಾಲೆ ಹಡಗ ಯಾಕ ಹತ್ತಿಸೀ?
ಇದ್ದ ಭಾರ ಸಾಲಲಿಲ್ಲೇನು?’
ನಾನು ನಕ್ಕೆ. ಅವಳು ನಗಲಿಲ್ಲ.
ಸ್ವಲ್ಪ ಹೊತ್ತು ಬಿಟ್ಟು, ‘ಮಗಗ ಕಳಸು’ ಅಂದಳು.

ರಾತ್ರಿ ಕುಕ್ಕರ್ ಇಳಿಸಿ ಲ್ಯಾಪ್‌ಟಾಪ್ ತೆರೆಯುತ್ತೇನೆ.
ನೆರಳು ಎತ್ತು, ಬಿಳಿ ತಗ್ಗಿಸು,
ಹಳದಿ ಒಂದು ಚಿಟಿಕೆ ಹೆಚ್ಚಾದರೂ
ಸಮುದ್ರಕ್ಕೆ ಕಾಮಾಲೆ.
ಒಮ್ಮೆ ಕರೆಂಟಿನ ತಂತಿ ಅಡ್ಡ ಬಂತೆಂದು ಒರೆಸಿಹಾಕಿದೆ.
ಮೇಲಿದ್ದ ಕಾಗೆ ಉಳಿಯಿತು,
ಯಾವುದರ ಮೇಲೂ ಕೂರದೆ ಕೂತು.
ಅದನ್ನು ಒರೆಸಲಿಲ್ಲ. ತಂತಿಯನ್ನು ಮರಳಿ ತರಲೂ ಇಲ್ಲ.

ನಿನ್ನೆ ಬಂದವನು ಕಾಯ್ತಾನ್.
ಬಾರ್ಜಿನ ಚುಕ್ಕಾಣಿ ಹಿಡಿದು ಮುದಿಯಾದವನು,
ಬಚ್ಚಲಲ್ಲಿ ಜಾರಿ ಬಲಗೈ ಊರಿದ್ದ.
ಆ ಕೈ ತಾನಾಗಿಯೇ ನಡುಗುತ್ತಿತ್ತು.
ಅಲುಗಾಡಬೇಡಿ, ಅಂದೆ.
ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡ,
ಈಗ ಎರಡೂ ನಡುಗಿದವು.

ಪರದೆಯ ಮೇಲೆ ಐದು ಬೆರಳು ಹದಿನೈದಾಗಿ,
ಎಲುಬಿನ ಮೇಲೆ ಎಲುಬಿನ ಗಾಳಿ ಬೀಸಿದ ಹಾಗೆ.
ರಿಜೆಕ್ಟ್ ಒತ್ತಬೇಕು.
ಒತ್ತದೆ ಒಂದು ಗಳಿಗೆ ಹೆಚ್ಚೇ ನೋಡಿದೆ.
ತಲೆಯೆತ್ತಿದರೆ, ಗಾಜಿನಾಚೆ ಅವನು
ನನ್ನ ಮುಖವನ್ನೇ ನೋಡುತ್ತಿದ್ದ,
ಏನೋ ಕೆಟ್ಟದ್ದು ಕಂಡಿತೆಂದು.

ಮಣಿಕಟ್ಟಿನ ಮೇಲೆ ಮರಳಿನ ಚೀಲ ಇಟ್ಟೆ. ಎರಡನೆಯದು ಸರಿ ಬಂತು.
‘ಮುರಿದಿಲ್ಲ’ ಎಂದು ಹೇಳುವುದು ಡಾಕ್ಟರರ ಕೆಲಸ,
ನಾನೇ ಹೇಳಿಬಿಟ್ಟೆ.

ಇವತ್ತು ಬೈನಾದಲ್ಲಿ, ಕತ್ತಲಾಗುವ ಹೊತ್ತಿಗೆ,
ನನ್ನದೇ ಎಡಗೈಯನ್ನು ಮುಂದೆ ಚಾಚಿ
ಕಾಲು ಸೆಕೆಂಡು, ಅರ್ಧ ಸೆಕೆಂಡು.
ಕೈ ಕುಣಿಸಿದೆ, ಕ್ಯಾಮೆರಾ ಕುಣಿಸಿದೆ,
ಆಡುವ ಹುಡುಗರು ಚೆಂಡು ಬಿಟ್ಟು ನನ್ನನ್ನು ನೋಡಿದರು.
ಬಂದದ್ದೆಲ್ಲ ಕಂಪನಿ ನಾಟಕದ ನಡುಕ.
ನಲವತ್ತೂ ಅಳಿಸಿದೆ.

ಅಷ್ಟು ಹೊತ್ತೂ ದಮ್ಮು ಹಿಡಿದೇ ಇದ್ದೆನೆಂದು
ಆಮೇಲೆ ಗೊತ್ತಾಯಿತು. ಬಿಟ್ಟೆ.
ಲೆನ್ಸಿನ ಗಾಜು ಮಸುಕಾಯಿತು.
ಆರುವ ಮೊದಲು ಅದರಲ್ಲೇ ಒಂದು ತೆಗೆದೆ:
ನೂರಾ ಹನ್ನೊಂದು.